ಊರೇ ಕಟ್ಟಿಕೊಂಡ ಬಿಡುವು

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು. ಉತ್ತರ ಕರ್ನಾಟಕದ ಬಹಳಷ್ಟು ಊರುಗಳಂತೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ರೈತರೂ ತಲೆಮಾರುಗಳಿಂದ ನಡೆಸಿಕೊಂಡು ಬಂದ ನೇಮ ಇದು. ಸೋಮವಾರ ಬಸವಣ್ಣನ ವಾರ, ಕೊಟ್ಟಿಗೆಯ ಎತ್ತೂ ಬಸವಣ್ಣನೇ. ಅಮಾವಾಸ್ಯೆಗೂ ಇದೇ ನೇಮ. ಹೊಲ ಎಷ್ಟೇ ಹದಕ್ಕೆ ಬಂದಿರಲಿ, ಮುಗಿಲು ಎಷ್ಟೇ ಕವಿದಿರಲಿ, ಆ ದಿನ ರಂಟೆ, ಕುಂಟೆ, ಕೂರಿಗೆಗಳು ಹಿತ್ತಲಿನಲ್ಲೇ ಇರುತ್ತಿದ್ದವು. ಮುರಿದವನಿಗೆ ದಂಡ ಹಾಕಲು ಕಚೇರಿ ಇರಲಿಲ್ಲ. ಊರಿನ ಕಣ್ಣಿತ್ತು, ಅಷ್ಟು ಸಾಕಿತ್ತು.

ವಾರಕ್ಕೊಂದು ದಿನ ಬಿಡುವು ಬೇಕು ಎಂಬ ಮಾತು ಕಾನೂನಿನ ಪುಸ್ತಕಕ್ಕೆ ಸೇರಲು ಬಹಳ ಕಾಲ ಹಿಡಿಯಿತು. ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ವರ್ಷಗಟ್ಟಲೆಯ ಹೋರಾಟದಿಂದ, 1890ರ ಜೂನ್‌ನಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಕೈಗಾರಿಕೆಯ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ವಾರಕ್ಕೊಂದು ದಿನದ ಬಿಡುವಿನ ಒಪ್ಪಂದವನ್ನು 1921ರಲ್ಲಿ ತಂದಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯಲ್ಲೂ 48 ಗಂಟೆಯ ಮಿತಿ, ವಾರದ ರಜೆ ಎರಡೂ ಬಂದವು. ಆದರೆ ಈ ಕಾನೂನುಗಳ ಕಾವಲು ಕಾರ್ಖಾನೆಯ ಗೇಟಿನ ಒಳಗೆ ಮಾತ್ರ ಇತ್ತು. ಹೊಲದಲ್ಲಿ ದುಡಿಯುವವರಿಗೆ ರಜೆ ಕೊಟ್ಟದ್ದು ಪದ್ಧತಿ.

ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ತೆರನಾದುದಲ್ಲ. ಹಾನಗಲ್ ಮಲೆನಾಡಿನ ಸೆರಗಿನಲ್ಲಿದೆ: ಧರ್ಮಾ, ವರದಾ ನದಿಗಳು, ಊರೂರಿಗೆ ಕೆರೆ, ಬತ್ತ, ಮಾವಿನ ತೋಪು. ಶಿಗ್ಗಾವಿ, ಸವಣೂರಿನತ್ತ ಸರಿದಂತೆ ಬಯಲು ತೆರೆದುಕೊಳ್ಳುತ್ತದೆ: ಹತ್ತಿ, ಶೇಂಗಾ, ಗೋವಿನಜೋಳ, ಸವಣೂರಿನ ಹೆಸರಾದ ಎಲೆಬಳ್ಳಿ ತೋಟಗಳು. ಹಿರೇಕೆರೂರಿನ ಸೀಮೆಗೆ ಬಂದರೆ ಕುಮುದ್ವತಿ ನದಿ, ಮದಗ-ಮಾಸೂರಿನ ದೊಡ್ಡ ಕೆರೆ, ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ಮಣ್ಣು ಬೇರೆ, ಬೆಳೆ ಬೇರೆಯಾದರೂ ದುಡಿಮೆಯನ್ನು ಹೊಂದಿಸಿಕೊಂಡ ಬಗೆ ಒಂದೇ. ಯಾವ ದಿನ ನೊಗ ಇಳಿಸಬೇಕು, ಯಾವ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯಬೇಕು, ಯಾರ ಕಣಕ್ಕೆ ಎಂದು ಆಳು ಹೋಗಬೇಕು ಎಂಬುದನ್ನು ಊರು ಕೂಡಿಯೇ ನಿಶ್ಚಯಿಸುತ್ತಿತ್ತು. ದಣಿದವನು ಯಾರನ್ನೂ ಕೇಳಬೇಕಿರಲಿಲ್ಲ, ನಿಂತದ್ದಕ್ಕೆ ನಾಚಬೇಕಿರಲಿಲ್ಲ. ಆ ಬಿಡುವು ಊರಿನ ಕೈಯಿಂದ ಜಾರಿ ಒಬ್ಬೊಬ್ಬರ ಸ್ವಂತ ಹೊಣೆಯಾದ ದಿನದಿಂದ ಕರಗುತ್ತ ಬಂದಿದೆ. ಅದನ್ನು ಮತ್ತೆ ಕೂಡಿಯೇ ಕಟ್ಟಿಕೊಳ್ಳಬೇಕು ಎಂಬುದು ಈ ಬರಹದ ಒತ್ತಾಯ.

ಎತ್ತು ಗೊತ್ತು ಮಾಡಿದ ಹೊತ್ತು

ಸೋಮವಾರದ ನೇಮದ ಹಿಂದೆ ಭಕ್ತಿಯಿದೆ, ಅದರ ಜೊತೆಗೆ ದನದ ದೇಹದ ತಿಳಿವಳಿಕೆಯೂ ಇದೆ. ಎತ್ತು ಮೇವನ್ನು ಮೊದಲು ಅವಸರದಲ್ಲಿ ನುಂಗುತ್ತದೆ. ಆಮೇಲೆ ಅದನ್ನು ಬಾಯಿಗೆ ತಂದು ಮೆಲುಕು ಹಾಕಿದಾಗಲೇ ಕಸುವು ಬರುವುದು. ಮೆಲುಕಿಗೆ ದಿನಕ್ಕೆ ಏಳೆಂಟು ಗಂಟೆ ಬೇಕು, ಅದೂ ನೆಮ್ಮದಿಯಾಗಿ, ನೆರಳಿನಲ್ಲಿ, ಹೆಚ್ಚಾಗಿ ಮಲಗಿದಲ್ಲೇ. ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ಎಳೆಸಿದರೆ ಜೋಡಿ ಸೊರಗುತ್ತದೆ, ಹೆಗಲು ಬಾಯುತ್ತದೆ. ಬಿತ್ತಿಗೆಯ ನಡುವೆ ಎತ್ತು ಮಲಗಿಬಿಟ್ಟರೆ ಆ ವರ್ಷದ ಬೆಳೆಯೇ ಹೋಯಿತು. ಹಾಗಾಗಿ ಎತ್ತಿನ ದಣಿವನ್ನು ಓದಲು ಬಾರದವನನ್ನು ಊರು ಒಕ್ಕಲಿಗನೆಂದು ಒಪ್ಪುತ್ತಿರಲಿಲ್ಲ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆಯ ಆವರಣದಲ್ಲಿ ಪಶುಪಾಲನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ಅದೇ ಆವರಣ ಈಗ ನವಿಲುಧಾಮವೂ ಹೌದು. ಖಿಲಾರಿ ಎಂದರೆ ಚುರುಕು ನಡಿಗೆಯ ತಳಿ. ಬಂಡಿಗೂ ಎಡೆ ಹೊಡೆಯುವುದಕ್ಕೂ ಹೇಳಿ ಮಾಡಿಸಿದ ಈ ತಳಿಯೂ ಮೆಲುಕಿನ ಲೆಕ್ಕವನ್ನು ಮೀರಲಾರದು.

ಎತ್ತಿಗೆ ಸಿಕ್ಕ ಬಿಡುವು ಮನುಷ್ಯನಿಗೂ ದಕ್ಕಿತು. ನಸುಕಿನಲ್ಲಿ ಹೂಡಿ, ಬಿಸಿಲೇರುವ ಹೊತ್ತಿಗೆ ಕೊಳ್ಳ ಹರಿದು, ದನಕ್ಕೆ ನೀರು ಕುಡಿಸಿ, ಮೇವು ಹಾಕಿದ ಮೇಲೆ ರೈತ ಬುತ್ತಿ ಗಂಟು ಬಿಚ್ಚುತ್ತಿದ್ದ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗೆ, ಕೊನೆಗೆ ಎಲೆ-ಅಡಿಕೆ. ಆಮೇಲೆ ಬೇವಿನ ಮರದಡಿ ಕಂಬಳಿ ಹಾಸಿ ಒಂದು ಜೊಂಪು. ಅದನ್ನು ಯಾರೂ ಮೈಗಳ್ಳತನ ಎನ್ನುತ್ತಿರಲಿಲ್ಲ, ಎತ್ತು ಏಳುವವರೆಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಬಿರುಬಿಸಿಲಿನ ಹೊತ್ತನ್ನು ಮೈಮೇಲೆ ಎಳೆದುಕೊಳ್ಳದೆ ಬೆಳಗಿನ, ಸಂಜೆಯ ತಂಪಿನಲ್ಲಿ ದುಡಿಯುವುದು ಇಡೀ ಸೀಮೆಯ ರೂಢಿಯಾದದ್ದು ಹೀಗೆ.

ಕಾರಹುಣ್ಣಿಮೆ ಕರೆತಂದ ಸಾಲು

ದಿನಕ್ಕೊಂದು, ವಾರಕ್ಕೊಂದು ಬಿಡುವಿನ ಮೇಲೆ ವರ್ಷದ ಬಿಡುವುಗಳ ಸಾಲಿತ್ತು. ಹಬ್ಬಗಳನ್ನು ಕಾರಹುಣ್ಣಿಮೆ ಕರೆತರುತ್ತದೆ, ಹೋಳಿಹುಣ್ಣಿಮೆ ಕರೆದೊಯ್ಯುತ್ತದೆ ಎಂಬ ಅರ್ಥದ ಮಾತು ಈ ಕಡೆ ಎಲ್ಲರ ಬಾಯಲ್ಲಿದೆ. ಆ ಸಾಲನ್ನು ಬೆಳೆಯ ಹಂತಗಳ ಪಕ್ಕಕ್ಕೆ ಇಟ್ಟು ನೋಡಿದರೆ ಅದರ ಲೆಕ್ಕಾಚಾರ ತಿಳಿಯುತ್ತದೆ.

ಜ್ಯೇಷ್ಠದ ಹುಣ್ಣಿಮೆಯೇ ಕಾರಹುಣ್ಣಿಮೆ. ಬೇಸಿಗೆಯುದ್ದಕ್ಕೂ ಹರಗಿ, ಮುಂಗಾರಿನ ಮೊದಲ ಮಳೆಗೆ ಬಿತ್ತಿಗೆ ಹಿಡಿದು ಎತ್ತುಗಳು ಬಳಲಿದ ಹೊತ್ತು ಅದು. ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಒಳ್ಳೆಯ ತಿನಿಸು ಉಣಿಸುತ್ತಾರೆ. ಹುಣ್ಣಿಮೆಯ ಸಂಜೆ ಕರಿ ಹರಿಯುವ, ಎಂದರೆ ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳು ಓಡಿ ಹರಿಯುವ ಸಂಭ್ರಮ. ಯಾವ ಬಣ್ಣದ ಎತ್ತು ಮೊದಲು ಕರಿ ಹರಿಯಿತು ಎಂಬುದರ ಮೇಲೆ ಆ ವರ್ಷ ಯಾವ ಬೆಳೆ ಚೆನ್ನಾಗಿ ಬರುತ್ತದೆಂದು ಹೇಳುವ ವಾಡಿಕೆಯಿದೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಆಗ ಮಕ್ಕಳ ಸರದಿ. ಕೆರೆಯ ಮಣ್ಣು ತಂದು ಎತ್ತು, ಗೋದಲಿ ಮಾಡಿ ಪೂಜಿಸುತ್ತಾರೆ. ಒಕ್ಕಲುತನದ ಮೊದಲ ಪಾಠ ಮಗುವಿಗೆ ಆಟವಾಗಿ ಸಿಗುತ್ತದೆ.

ಶ್ರಾವಣದಲ್ಲಿ ಎಡೆ ಹೊಡೆಯುವ, ಕಳೆ ತೆಗೆಯುವ ಕೆಲಸದ ನಡುವೆ ನಾಗರಪಂಚಮಿ. ಕಾಳು ಕಟ್ಟುವ ಹೊತ್ತಿಗೆ ಶೀಗಿ ಹುಣ್ಣಿಮೆ: ಭೂಮಿತಾಯಿ ತುಂಬಿದ ಬಸುರಿ ಎಂದು ಭಾವಿಸಿ, ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಡೆಯ ತಿನಿಸನ್ನು ಬೆಳೆಯ ನಡುವೆ ಚರಗವಾಗಿ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಹಿಂಗಾರಿನ ಜೋಳ ನಿಂತಾಗ ಎಳ್ಳಮಾವಾಸ್ಯೆಗೆ ಮತ್ತೊಮ್ಮೆ ಇದೇ ಹೊಲದೂಟ: ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಮೊಸರು ಬುತ್ತಿ.

ಒಂದು ದೊಡ್ಡ ಕೆಲಸ ಮುಗಿದು ಇನ್ನೊಂದು ಹಿಡಿಯುವ ಸಂದಿಯಲ್ಲಿ ಒಂದೊಂದು ಹಬ್ಬ ನಿಂತಿದೆ. ಎಲ್ಲ ದುಡಿಮೆ ಮುಗಿದ ಮೇಲೆ ಖುಷಿ ಎಂದು ಯಾರೂ ಮುಂದೂಡಲಿಲ್ಲ, ಒಕ್ಕಲುತನದ ಕೆಲಸ ಎಂದೂ ಪೂರ್ತಿ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಶೀಗಿ ಹುಣ್ಣಿಮೆಯ ಊಟದ ಹೊತ್ತಿಗೆ ರಾಶಿ ಕೈಗೆ ಬಂದಿರುವುದಿಲ್ಲ. ಮಳೆ ಕೈಕೊಡಬಹುದು, ಹುಳು ಬೀಳಬಹುದು. ಆದರೂ ಉಣ್ಣುತ್ತಾರೆ. ಫಲ ಸಿಕ್ಕೀತೋ ಇಲ್ಲವೋ ಎನ್ನುವ ಅಳುಕಿನ ನಡುವೆಯೇ, ಇಲ್ಲಿಯವರೆಗೆ ದುಡಿದದ್ದಕ್ಕೆ ಈ ದಿನದ ಸಂತೋಷ ನಮ್ಮದು ಎಂದು ಹಕ್ಕಿನಿಂದ ಕೂರುವ ಊಟ ಅದು. ಆಳಾಗಿ ದುಡಿ, ಅರಸಾಗಿ ಉಣ್ಣು ಎಂಬ ಗಾದೆಯನ್ನು ನಮ್ಮ ಹಿರಿಯರು ಬದುಕಿ ತೋರಿಸಿದ್ದು ಹೀಗೆ. ಆಳೂ ಅರಸನೂ ಆ ಗಾದೆಯಲ್ಲಿ ಒಬ್ಬನೇ ಮನುಷ್ಯ.

ಕಣದಲ್ಲಿ ಹಾಡಿಗೂ ಕೆಲಸವಿತ್ತು

ಖುಷಿ ಹಬ್ಬದ ದಿನಕ್ಕಷ್ಟೇ ಮೀಸಲಾಗಿರಲಿಲ್ಲ, ಕೆಲಸದ ಒಳಗೂ ಅದಕ್ಕೆ ಜಾಗವಿತ್ತು. ಸುಗ್ಗಿಯ ಚಳಿಯ ರಾತ್ರಿಗಳಲ್ಲಿ ಕಣದಲ್ಲಿ ಹಂತಿ ಕಟ್ಟುತ್ತಿದ್ದರು. ನಡುವೆ ಮೇಟಿ, ಅದರ ಸುತ್ತ ಹರಡಿದ ತೆನೆ, ತೆನೆಯ ಮೇಲೆ ಸಾಲಾಗಿ ಸುತ್ತುವ ಎತ್ತುಗಳು. ಅವುಗಳ ಹಿಂದೆ ನಡೆಯುತ್ತ ಒಬ್ಬ ಹಂತಿಯ ಪದ ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಹಾಡಿನ ಲಯಕ್ಕೆ ಎತ್ತಿನ ಹೆಜ್ಜೆ ಹೊಂದಿಕೊಳ್ಳುತ್ತಿತ್ತು. ನಿದ್ದೆ ದೂರವಿರುತ್ತಿತ್ತು, ಒಬ್ಬರೇ ಹಾಡಿ ದಣಿಯದಂತೆ ಪದ ಕೈಬದಲಾಗುತ್ತಿತ್ತು. ಕೂರಿಗೆ, ಕುಡಗೋಲಿನ ಹಾಗೆ ಹಾಡೂ ಅಲ್ಲಿ ಒಂದು ಸಲಕರಣೆ. ಬೀಸುವ ಕಲ್ಲಿನ ಎದುರುಬದುರು ಕುಳಿತ ಹೆಣ್ಣುಮಕ್ಕಳ ಪದಗಳದ್ದೂ ಇದೇ ಕೆಲಸ. ಗೂಟ ಎಳೆಯುವ ಕೈಯ ಭಾರವನ್ನು ಎರಡು ಕೊರಳು ಹಂಚಿಕೊಳ್ಳುತ್ತಿದ್ದವು. ತವರಿನ ನೆನಪು, ಅತ್ತೆಮನೆಯ ಸಂಕಟ ಎರಡೂ ಅಲ್ಲೇ ಹೊರಬರುತ್ತಿದ್ದವು.

ಮುಯ್ಯಾಳಿನ ಪದ್ಧತಿಯೂ ಇದಕ್ಕೆ ಕೂಡಿಕೊಂಡಿತ್ತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ರೊಕ್ಕದ ಕೊಡುಕೊಳ್ಳುವಿಕೆ ಇಲ್ಲ, ಊಟ ಹೊಲದೊಡೆಯನದು. ಹತ್ತು ಮಂದಿ ಸೇರಿದಲ್ಲಿ ಮಾತು, ಚೇಷ್ಟೆ, ಪಂದ್ಯ ಇದ್ದೇ ಇರುತ್ತವೆ. ಒಬ್ಬರು ದಣಿದಾಗ ಇನ್ನೊಬ್ಬರ ಸಾಲನ್ನೂ ಹಿಡಿದು ಮುಗಿಸುವವರು ಇರುತ್ತಾರೆ. ಒಂಟಿಯಾಗಿ ಮಾಡಿದರೆ ಬೇಸರ ತರುವ ಕೆಲಸ ಗುಂಪಿನಲ್ಲಿ ಹಗುರಾಗುವುದು ಇದರಿಂದಲೇ.

ರಾಶಿ ಮಾಡುವ ಯಂತ್ರ ಬಂದು ಹಂತಿ ನಿಂತಿತು, ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ನಿಂತಿತು. ಗಿರಣಿ ಹೆಣ್ಣುಮಕ್ಕಳ ರಟ್ಟೆಗಳಿಗೆ ಕೊಟ್ಟ ಬಿಡುಗಡೆ ದೊಡ್ಡದು; ಆ ಹಾಡು ಉಳಿಯಲೆಂದು ಆ ಶ್ರಮ ಮರಳಿ ಬರಲಿ ಎಂದು ಯಾರೂ ಬಯಸಬಾರದು. ಆ ಬದುಕು ಈಗ ಓದಿನಲ್ಲಿ, ಶಿಲ್ಪದಲ್ಲಿ ಉಳಿದಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಜನಪದರ ಬದುಕನ್ನು ಓದಿನ ವಿಷಯವಾಗಿಸಿದೆ. ಅದೇ ಊರಿನ ಬಳಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ದುಡಿಮೆ, ಆಟ, ಮಾತುಕತೆಗಳು ಶಿಲ್ಪಗಳಾಗಿ ನಿಂತಿವೆ. ಅವನ್ನು ನೋಡುತ್ತ ಹೋದವರಿಗೆ ಕೆಲಸ ಎಲ್ಲಿ ಮುಗಿಯಿತು, ಖುಷಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟವಾಗುತ್ತದೆ. ಯಂತ್ರ ಶ್ರಮವನ್ನು ತೆಗೆದಾಗ ಅದರೊಂದಿಗಿದ್ದ ಸಂಗವೂ ಹೋಯಿತು. ಆ ಸಂಗಕ್ಕೆ ಬೇರೆ ನೆಲೆ ಕೊಡುವ ಯೋಚನೆಯನ್ನು ನಾವು ಮಾಡಲಿಲ್ಲ.

ಹೆಣ್ಣುಮಕ್ಕಳಿಗೆ ಸಿಗದ ಸೋಮವಾರ

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ದೊಡ್ಡದೊಂದು ಬಿರುಕಿತ್ತು, ಈಗಲೂ ಇದೆ. ಸೋಮವಾರ ಎತ್ತಿಗೆ ಬಿಡುವು, ಎತ್ತಿನ ಹಿಂದಿದ್ದ ಗಂಡಸಿಗೂ ಬಿಡುವು. ಒಲೆಗೆ ಬಿಡುವಿಲ್ಲ. ಹಬ್ಬ ಬಂದರೆ ಹೋಳಿಗೆ, ಕಡುಬು, ಹತ್ತಾರು ಬಗೆಯ ಪಲ್ಯ. ಹೊಲದೂಟಕ್ಕೆ ಬುಟ್ಟಿ ತುಂಬಬೇಕಾದವಳು ಎರಡು ದಿನ ಮೊದಲೇ ಎದ್ದಿರಬೇಕು. ಮನೆಯ ಉಳಿದವರು ಹಬ್ಬಕ್ಕೆ ಕೈ ಬಿಡುವು ಮಾಡಿಕೊಂಡರೆ ಅವಳ ಕೆಲಸ ಇಮ್ಮಡಿ.

ಅವಳಿಗೆಂದು ಇದ್ದದ್ದು ಪಂಚಮಿ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯುತ್ತಾನೆ. ಅಲ್ಲಿ ಮರಕ್ಕೆ ಜೋಕಾಲಿ, ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ, ಹಳೆಯ ಗೆಳತಿಯರು. ಗಂಡನ ಮನೆಯಲ್ಲಿದ್ದುಕೊಂಡೇ ಹೆಣ್ಣಿಗೆ ಬಿಡುವು ಸಾಧ್ಯವಿಲ್ಲ ಎಂಬುದನ್ನು ನಮ್ಮ ಸಮಾಜ ಅರಿತಿತ್ತು. ಅದಕ್ಕೇ ಅವಳನ್ನು ಊರು ಬಿಡಿಸಿ ಕಳಿಸುತ್ತಿತ್ತು. ವರ್ಷಕ್ಕೊಮ್ಮೆ, ಕೆಲವೇ ದಿನ. ತವರಿನ ಅತ್ತಿಗೆಗೂ ಅದೇ ಹೊತ್ತಿಗೆ ತನ್ನ ತವರು ಬೇಕಿತ್ತು ಎಂಬುದು ಬೇರೆಯೇ ಕಥೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಣ್ಣುಮಕ್ಕಳದು 289ಕ್ಕೆ, ಗಂಡಸರದು 88ಕ್ಕೆ ಇಳಿದಿದೆ. ಹತ್ತು ನಿಮಿಷದ ಇಳಿಕೆಗೆ ಸಂತೋಷಪಡೋಣ ಎಂದರೆ ಗಂಡಸರ ಪಾಲೂ ಒಂಬತ್ತು ನಿಮಿಷ ಕುಗ್ಗಿದೆ. ಅಂದರೆ ಗ್ಯಾಸು, ಮಿಕ್ಸರು, ಮನೆಬಾಗಿಲಿಗೆ ಬಂದ ನಲ್ಲಿ ಶ್ರಮವನ್ನು ತುಸು ಇಳಿಸಿರಬಹುದು, ಹಂಚಿಕೆ ಮಾತ್ರ ಬದಲಾಗಿಲ್ಲ. ಹೊಲದಲ್ಲಿ ಕಳೆ ತೆಗೆದು ಬಂದವಳಿಗೆ ಮನೆಯಲ್ಲಿ ಸುಮಾರು ಐದು ಗಂಟೆಯ ಇನ್ನೊಂದು ಪಾಳಿ ಕಾದಿರುತ್ತದೆ. ದುಡಿಮೆ, ಬಿಡುವು, ಖುಷಿಯ ಸಮತೋಲದ ಬಗ್ಗೆ ಮಾತಾಡುವ ಯಾರೇ ಆಗಲಿ ಈ ಐದು ಗಂಟೆಯನ್ನು ಬದಿಗಿಟ್ಟು ಮಾತಾಡುವಂತಿಲ್ಲ.

ದಣಿಯದ ಯಂತ್ರ, ನಿಲ್ಲದ ಕೆಲಸ

ಟ್ರ್ಯಾಕ್ಟರಿಗೆ ಮೆಲುಕು ಬೇಕಿಲ್ಲ, ಸೋಮವಾರವೂ ಇಲ್ಲ. ದೀಪ ಹಚ್ಚಿಕೊಂಡು ರಾತ್ರಿಯಿಡೀ ಹರಗಬಹುದು. ಅದು ತಂದ ಅನುಕೂಲ ಸಣ್ಣದಲ್ಲ: ಹದ ತಪ್ಪದೆ ಬಿತ್ತಿಗೆ ಮುಗಿಯುತ್ತದೆ, ಎತ್ತಿನ ಜೋಡಿ ಸಾಕಲಾಗದ ಸಣ್ಣ ರೈತನೂ ಬಾಡಿಗೆಗೆ ತಂದು ಉಳುತ್ತಾನೆ. ಆದರೆ ಎತ್ತಿನ ಹೊಟ್ಟೆ ಕಾಯ್ದುಕೊಟ್ಟ ಬಿಡುವಿಗೆ ಈಗ ಕಾವಲಿಲ್ಲ. ಟ್ರ್ಯಾಕ್ಟರಿನ ಕಂತು ತುಂಬಬೇಕಾದ ಮಾಲೀಕನಿಗೆ, ಚಾಲಕನಿಗೆ ಬಿತ್ತಿಗೆಯ ದಿನಗಳಲ್ಲಿ ಹಗಲು ರಾತ್ರಿಯ ಗಡಿ ಅಳಿಸಿದೆ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ವಿದ್ಯುತ್ ಕೊಟ್ಟರೆ ಬೋರ್‌ವೆಲ್ ಇದ್ದವನು ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಾನೆ.

ಕೂಲಿಯ ಬಗೆಯೂ ಬದಲಾಗಿದೆ. ದಿನಗೂಲಿಯಲ್ಲಿ ಬೆಳಗಿನ ರೊಟ್ಟಿಗೆ, ಮಧ್ಯಾಹ್ನದ ಊಟಕ್ಕೆ, ನೀರಿಗೆ, ಎಲೆ-ಅಡಿಕೆಗೆ ಹೊತ್ತು ಗೊತ್ತಿರುತ್ತಿತ್ತು. ಸಂತೆಯ ದಿನ ಬಟವಾಡೆ, ಆ ದಿನ ಕೆಲಸಕ್ಕೆ ಬಿಡುವು. ಈಗ ಗುತ್ತಿಗೆ ಹೆಚ್ಚು. ಎಕರೆಗೆ ಇಷ್ಟು ಎಂದು ಮಾತಾಡಿಕೊಂಡು ಗುಂಪು ಗೋವಿನಜೋಳದ ತೆನೆ ಮುರಿಯಲು, ಬತ್ತ ಕೊಯ್ಯಲು ಇಳಿಯುತ್ತದೆ. ಬೇಗ ಮುಗಿಸಿದಷ್ಟೂ ಲಾಭ. ನೀರು ಕುಡಿಯಲು ನಿಂತರೂ ಕೈಗೆ ಬರುವ ರೊಕ್ಕ ಕಡಿಮೆಯಾಗುತ್ತದೆಂಬ ಲೆಕ್ಕ ತಲೆಯಲ್ಲಿ ಓಡುತ್ತದೆ. ಯಾರೂ ಗದರದಿದ್ದರೂ ಜನ ತಮ್ಮನ್ನು ತಾವೇ ಗದರಿಕೊಂಡು ದುಡಿಯುತ್ತಾರೆ.

ಹಾವೇರಿ ಜಿಲ್ಲೆ ಹೈಬ್ರಿಡ್ ಬೀಜೋತ್ಪಾದನೆಗೂ ಹೆಸರುವಾಸಿ. ರಾಣೆಬೆನ್ನೂರು ಅದರ ಕೇಂದ್ರ. ಹತ್ತಿಯ ಬೀಜದ ಹೊಲದಲ್ಲಿ ಸಂಜೆ ಮೊಗ್ಗಿನ ಗಂಡುಭಾಗವನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸಬೇಕು. ಹೂವು ಯಾರಿಗೂ ಕಾಯುವುದಿಲ್ಲ. ಹೂ ಬಿಡುವ ವಾರಗಳುದ್ದಕ್ಕೂ ಒಂದು ದಿನ ತಪ್ಪಿದರೂ ಆ ದಿನದ ಬೀಜ ಹೋಯಿತು. ಈ ಕೆಲಸದಲ್ಲಿ ಬಹುಪಾಲು ಹೆಣ್ಣುಮಕ್ಕಳದೇ ಕೈ. ಹಳೆಯ ವಾರದ ನೇಮ ಇಂಥ ಕೆಲಸಕ್ಕೆ ಹೊಂದದು. ಹಾಗೆಂದು ಬಿಡುವೇ ಬೇಡವೆಂದಲ್ಲ, ಸರದಿಯ ರಜೆಯೆಂಬ ಹೊಸ ನೇಮ ಬೇಕು. ಅದನ್ನು ಮಾಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಸಾಲ, ಬೆಲೆ ಕುಸಿತ, ಕೈಕೊಡುವ ಮಳೆ ಇವೆಲ್ಲದರ ನಡುವೆ ಬಿಡುವಿನ ಮಾತು ಹಗುರವೆನಿಸಬಹುದು. ರೈತರ ಆತ್ಮಹತ್ಯೆಯ ಸುದ್ದಿಗಳಿಂದ ಹಾವೇರಿ ಮತ್ತೆ ಮತ್ತೆ ತಲ್ಲಣಿಸಿದ ಜಿಲ್ಲೆ. ಒಳ್ಳೆಯ ಬೆಲೆಯಿಲ್ಲದೆ ನಿಶ್ಚಿಂತೆಯ ನಿದ್ದೆಯಿಲ್ಲ, ನಿಜ. ಆದರೆ ನಾಲ್ಕು ಜನರ ಸಂಗ, ಕೂಡಿ ಉಣ್ಣುವ ದಿನ, ಮನಸ್ಸು ಬಿಚ್ಚಿ ಮಾತಾಡುವ ಕಟ್ಟೆ ಇವು ಕಷ್ಟದ ಕಾಲದಲ್ಲೇ ಹೆಚ್ಚು ಬೇಕಾದ ಆಸರೆಗಳು. ಬಿಡುವು ಹೋದಾಗ ಈ ಆಸರೆಯೂ ಹೋಗುತ್ತದೆ.

ಹಗಲು ಹೊಲ, ರಾತ್ರಿ ರಂಗ

ಖುಷಿಯನ್ನು ಕೈಯಾರೆ ಮಾಡಿಕೊಳ್ಳುವ ಪರಂಪರೆ ಈ ಸೀಮೆಯಲ್ಲಿ ಬತ್ತಿಲ್ಲ. ಹಾನಗಲ್ ತಾಲ್ಲೂಕಿನ ಶೇಷಗಿರಿ ಚಿಕ್ಕ ಹಳ್ಳಿ. ಅಲ್ಲಿನ ಗಜಾನನ ಯುವಕ ಮಂಡಳದ ಕಲಾವಿದರಿಂದ ಊರು ರಂಗಗ್ರಾಮವೆಂದೇ ಹೆಸರಾಗಿದೆ. ಹೊಲಮನೆ ಕೆಲಸ ಮಾಡುವವರೇ ರಾತ್ರಿ ತಾಲೀಮಿಗೆ ಕೂಡುತ್ತಾರೆ, ಊರಿನಲ್ಲೇ ರಂಗಮಂದಿರವಿದೆ, ಅವರ ನಾಟಕಗಳು ಊರಾಚೆಯ ವೇದಿಕೆಗಳನ್ನೂ ಏರಿವೆ. ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು, 1914ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಸಂಗೀತ, ನಾಟಕಗಳನ್ನು ಅಂಧ, ಬಡ ಮಕ್ಕಳ ಅನ್ನದ ದಾರಿಯಾಗಿಸಿದರು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರು (1819–1889) ಕೋಳಿ, ಗಿರಣಿ, ಮನೆಯ ಮಾಳಿಗೆಯಂಥ ದಿನನಿತ್ಯದ ಸಂಗತಿಗಳನ್ನೇ ತತ್ವಪದವಾಗಿಸಿದರು. ಹಗಲಿಡೀ ದುಡಿದವರು ಗುಡಿಯ ಅಂಗಳದಲ್ಲಿ ಏಕತಾರಿ, ದಮ್ಮಡಿ ಹಿಡಿದು ಭಜನೆಗೆ ಕೂತರೆ ತಮ್ಮ ದಿನವನ್ನೇ ಮರಳಿ ಹಾಡಿಕೊಳ್ಳುತ್ತಾರೆ.

ತಾಲೀಮೂ ಶ್ರಮವೇ. ಮಾತು ಬಾಯಿಪಾಠವಾಗಬೇಕು, ಹೆಜ್ಜೆ ಕೂಡಬೇಕು, ನಿದ್ದೆ ಕೆಡಬೇಕು. ಆದರೂ ಅದು ದಣಿವನ್ನು ಕಳೆಯುತ್ತದೆ. ಕಾರಣವಿದೆ: ಹೊಲದಲ್ಲಿ ದುಡಿದ ಮೈಗೆ ಹಾಸಿಗೆ ಬೇಕು, ದಿನವಿಡೀ ಒಂದೇ ಚಿಂತೆಯಲ್ಲಿ ಸುತ್ತಿದ ಮನಸ್ಸಿಗೆ ಬೇರೆಯದೇ ಕೆಲಸ ಬೇಕು. ತಾನೇ ಒಪ್ಪಿ ಹಿಡಿದ, ಲಾಭ ನಷ್ಟದ ಹಂಗಿಲ್ಲದ, ಮೆಚ್ಚುವ ಜನ ಎದುರಿಗಿರುವ ಕೆಲಸ ಸುಮ್ಮನೆ ಮಲಗುವುದಕ್ಕಿಂತ ಹೆಚ್ಚು ಹುರುಪು ಕೊಡುತ್ತದೆ. ಮೊಬೈಲಿನ ಪರದೆಯ ಮುಂದೆ ಕಳೆದ ಎರಡು ಗಂಟೆಗೂ ತಾಲೀಮಿನ ಎರಡು ಗಂಟೆಗೂ ಇರುವ ಅಂತರ ಇದು.

ಖುಷಿಗೂ ಮಿತಿ ಬೇಕು ಎಂಬುದನ್ನು ಇಲ್ಲಿನ ಹೋರಿ ಹಬ್ಬ ಹೇಳುತ್ತದೆ. ದೀಪಾವಳಿಯಿಂದ ಶುರುವಾಗುವ ಈ ಸ್ಪರ್ಧೆಯಲ್ಲಿ ಕೊಬ್ಬರಿಯ ಹಾರ ಕಟ್ಟಿದ ಹೋರಿ ಜನರ ನಡುವೆ ಓಡುತ್ತದೆ, ಪೈಲ್ವಾನರು ಕೊಬ್ಬರಿ ಹರಿಯಲು ಮುನ್ನುಗ್ಗುತ್ತಾರೆ. ಹೋರಿಯನ್ನು ಈಜಿಸಿ, ಓಡಿಸಿ, ಹುರುಳಿ, ಹತ್ತಿಕಾಳು ಉಣಿಸಿ ತಿಂಗಳುಗಟ್ಟಲೆ ಸಾಕುವ ಮಮತೆ ನೋಡುವಂಥದ್ದು. ಜಲ್ಲಿಕಟ್ಟು, ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶ ಕೊಟ್ಟ ರಾಜ್ಯಗಳ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಬಹುಮಾನದ ಮೊತ್ತ ಏರಿ, ಜನಜಂಗುಳಿಗೆ ಕಟ್ಟುಪಾಡಿಲ್ಲದಾಗ ಜೀವಹಾನಿಯೂ ಆಗಿದೆ. ದಣಿವಾರಿಸಲೆಂದು ಹುಟ್ಟಿದ ಹಬ್ಬ ಪ್ರಾಣಕ್ಕೆರವಾಗಬಾರದು. ಮನುಷ್ಯನ ಪ್ರಾಣಕ್ಕೂ, ಹೋರಿಯ ಪ್ರಾಣಕ್ಕೂ.

ಸಾಕು ಎನ್ನುವ ಲೆಕ್ಕ

ಕಾಯಕಕ್ಕೆ ಕೈಲಾಸದ ಸ್ಥಾನ ಕೊಟ್ಟ ಶರಣರ ನಾಡು ನಮ್ಮದು. ಹೆಚ್ಚು ದುಡಿಯಿರಿ ಎಂದು ಉಪದೇಶಿಸುವವರು ಶರಣರ ಹೆಸರನ್ನು ಬಳಸುವುದುಂಟು. ಅವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆಯನ್ನೂ ನೆನೆಯಬೇಕು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ನಮಗೆ ಬೇಕಾದಷ್ಟು ಸಾಕು, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಕಾಯಕದ ತತ್ವದಲ್ಲಿ ಶ್ರದ್ಧೆಯಷ್ಟೇ ಮುಖ್ಯವಾಗಿ ಮಿತಿಯೂ ಇದೆ ಎಂದು ತೋರಿಸಿದವಳು ಅವಳು.

ಇಂದಿನ ಲೆಕ್ಕಗಳೂ ಲಕ್ಕಮ್ಮನ ಪರವಾಗಿಯೇ ಇವೆ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಮರುಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ವಾರದ ದುಡಿಮೆ 50 ಗಂಟೆಯ ಆಸುಪಾಸು ದಾಟಿದ ಮೇಲೆ ಪ್ರತಿ ಹೆಚ್ಚಿನ ಗಂಟೆಯ ಫಲ ಕುಗ್ಗುತ್ತ ಹೋಗಿತ್ತು. 70 ಗಂಟೆ ದುಡಿದವರ ಉತ್ಪನ್ನ 56 ಗಂಟೆ ದುಡಿದವರದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ವಾರದ ರಜೆ ಇಲ್ಲದಾಗ ಉತ್ಪನ್ನ ಇನ್ನೂ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರಲ್ಲಿ ಜಗತ್ತಿನಾದ್ಯಂತ 7.45 ಲಕ್ಷ ಮಂದಿ ತೀರಿಕೊಂಡರು. ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ಹೇಳಿದಾಗ ದೊಡ್ಡ ಚರ್ಚೆ ಎದ್ದಿತು. ಈ ತಾಲ್ಲೂಕುಗಳ ಎಷ್ಟೋ ಮಕ್ಕಳು ಇಂದು ಬೆಂಗಳೂರಿನ ಕಂಪನಿ, ಕಾರ್ಖಾನೆ, ಡೆಲಿವರಿ ಕೆಲಸಗಳಲ್ಲಿದ್ದಾರೆ. ಅವರು ತಮ್ಮ ಊರಿನ ಎತ್ತಿಗಿದ್ದಷ್ಟು ಖಚಿತವಾದ ವಾರದ ಬಿಡುವನ್ನು ಕೇಳಿದರೆ ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಮತ್ತೆ ಕಟ್ಟಿಕೊಳ್ಳುವ ಬಗೆ

ಹಳೆಯ ಊರಿಗೆ ಹಿಂತಿರುಗಲಾಗದು, ಹಿಂತಿರುಗಲೂಬಾರದು. ಆ ಊರಿನಲ್ಲಿ ಜಾತಿಯ ಕಟ್ಟು ಇತ್ತು, ಜೀತವಿತ್ತು. ಜೀತದಾಳಿಗೆ ಸೋಮವಾರವೂ ಕೊಟ್ಟಿಗೆಯ ಸಗಣಿ ಬಾಚುವುದು ತಪ್ಪುತ್ತಿರಲಿಲ್ಲ. ನಮಗೆ ಬೇಕಿರುವುದು ಆ ವ್ಯವಸ್ಥೆಯ ಒಂದು ತಿಳಿವಳಿಕೆ: ಬಿಡುವನ್ನು ಒಬ್ಬರ ಇಚ್ಛೆಗೆ ಬಿಟ್ಟರೆ ಅವಸರ ಅದನ್ನು ನುಂಗುತ್ತದೆ, ಎಲ್ಲರೂ ಕೂಡಿ ಗೊತ್ತು ಮಾಡಿದರೆ ಅದು ಉಳಿಯುತ್ತದೆ.

ಮಾಡಬಹುದಾದ ಕೆಲಸಗಳು ಕಣ್ಣಮುಂದಿವೆ. ಗುತ್ತಿಗೆ ಮಾತಾಡುವಾಗ ಎಕರೆಯ ದರದ ಜೊತೆಗೆ ಮಧ್ಯಾಹ್ನದ ವಿರಾಮ, ನೀರು, ನೆರಳನ್ನೂ ಮಾತಿನಲ್ಲಿ ಸೇರಿಸಬಹುದು. ಬೀಜದ ಹೊಲಗಳಲ್ಲಿ ಕೂಲಿ ಕಡಿಯದ ಸರದಿ ರಜೆ ಕೊಡಿಸಲು ಕಂಪನಿ, ರೈತ, ಕೆಲಸಗಾರರು ಒಪ್ಪಂದಕ್ಕೆ ಬರಬಹುದು. ಗ್ರಾಮಸಭೆ ರಸ್ತೆ, ಚರಂಡಿಯ ಜೊತೆಗೆ ತಾಲೀಮಿನ ಜಾಗ, ಆಟದ ಬಯಲು, ವಾಚನಾಲಯ, ಹೆಣ್ಣುಮಕ್ಕಳು ಸಂಜೆ ನಿರಾತಂಕವಾಗಿ ಕೂಡಲು ಒಂದು ಕಟ್ಟೆಯನ್ನೂ ಕೇಳಬಹುದು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮಾಡಿ ಮಾರುವ ಖಡಕ್ ರೊಟ್ಟಿಯನ್ನು ಹಬ್ಬದ ದಿನ ಹಣ ಕೊಟ್ಟು ತಂದರೆ ಒಂದು ಮನೆಯ ಒಲೆಗೆ ಬಿಡುವು, ಇನ್ನೊಂದು ಮನೆಗೆ ಗಳಿಕೆ. ಎಲ್ಲಕ್ಕೂ ಮೊದಲು ಮನೆಯೊಳಗೆ ಒಂದು ನೇಮ ಬೇಕು: ವಾರಕ್ಕೊಂದು ದಿನ ಅಡುಗೆ, ಪಾತ್ರೆ, ಕಸಗುಡಿಸುವುದು ಗಂಡಸರದು ಎಂದು ಗೊತ್ತು ಮಾಡಿ, ಮುರಿಯದೆ ನಡೆಸುವುದು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಖರ್ಚೂ ಇಲ್ಲ.

ಮೂಕ ಎತ್ತು ತನ್ನ ದಣಿವನ್ನು ಬಾಯಿಬಿಟ್ಟು ಹೇಳದಿದ್ದರೂ ಅದನ್ನು ಅರಿತು, ವಾರದಲ್ಲಿ ಒಂದು ದಿನ ತೆಗೆದಿಟ್ಟ ಜನ ನಾವು. ಜೊತೆಯಲ್ಲೇ ದುಡಿಯುವ ಹೆಂಡತಿ, ಸೊಸೆ, ಕೂಲಿಯವರು, ಚಾಲಕರು, ದೂರದ ಊರಿನಲ್ಲಿ ಪಾಳಿ ಮಾಡುವ ಮಕ್ಕಳು ಬಾಯಿಬಿಟ್ಟು ಹೇಳುತ್ತಿದ್ದಾರೆ. ಅವರಿಗೂ ಒಂದು ದಿನ ತೆಗೆದಿಡುವ ನೇಮವನ್ನು ನಮ್ಮ ಕಾಲದ ಊರುಗಳು ಈ ವರ್ಷದ ಬಿತ್ತಿಗೆಗೆ ಮುನ್ನವೇ ಮಾಡಿಕೊಳ್ಳಲಿ.